ಮೇಷ್ಟ್ರು ಸ್ವಲ್ಪ ಸುಮ್ಮನಿದ್ದರೆ...

ಮೊನ್ನೆ ಸ್ಟಾಫ್ ರೂಮಿಗೆ ಬಂದ ಕೂಡಲೇ ನಮ್ಮ ಗಣಿತದ ಮೇಷ್ಟ್ರು "ಏನ್ರೀ, ನಿಮ್ಮ ಕ್ಲಾಸಲ್ಲಿ ಸಂತೆ ನಡೀತಿತ್ತಾ?" ಅಂದರು. "ಇಲ್ಲ ಸಾರ್, ಚರ್ಚೆ ನಡೀತಿತ್ತು" ಅಂದೆ. "ಎರಡೂ ಒಂದೇ ಬಿಡಿ" ಅಂತ ನಕ್ಕು ಟೀ ಲೋಟ ಎತ್ತಿಕೊಂಡರು.

ನಾನೂ ನಕ್ಕೆ. ಅವರ ಮೇಲೆ ಸಿಟ್ಟೇನೂ ಬರಲಿಲ್ಲ, ಯಾಕೆಂದರೆ ಕೆಲವು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡಿದ್ದವನು. ಪಾಠಕ್ಕೆ ತಯಾರಿ ಬೇಕು, ಚರ್ಚೆಗೇನು ಬೇಕು? ಒಂದು ಪ್ರಶ್ನೆ ಎಸೆದರೆ ಮಕ್ಕಳು ಮಾತಾಡ್ತಾರೆ, ನಾವು ಆರಾಮಾಗಿ ಕುರ್ಚಿಯಲ್ಲಿ ಕೂರಬಹುದು ಅಂತ. ಈಗ ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ಚರ್ಚೆ ನಡೆಸುವುದಕ್ಕೆ ಪಾಠಕ್ಕಿಂತ ಜಾಸ್ತಿ ತಯಾರಿ ಬೇಕು, ಮತ್ತು ಆ ತಯಾರಿಯಲ್ಲಿ ಅರ್ಧಕ್ಕರ್ಧ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರುವುದಕ್ಕೇ ಬೇಕು. ಈ ಬುದ್ಧಿ ಬಂದದ್ದು ಹೇಗೆ ಅಂತ ಹೇಳ್ತೀನಿ ಕೇಳಿ.

ಒಂದು ತರಬೇತಿಗೆ ಹೋಗಿ ಬಂದ ಹುರುಪಿನಲ್ಲಿ ಎಂಟನೇ ಕ್ಲಾಸಿನಲ್ಲಿ ವಾರಕ್ಕೊಂದು ಪೀರಿಯಡ್ ಚರ್ಚೆ ಅಂತ ಶುರು ಮಾಡಿದ್ದೆ. ಮೊದಲನೆಯದಕ್ಕೆ ಗೋವಿನ ಹಾಡು ಆರಿಸಿಕೊಂಡೆ. ಅದು ಅವರ ಪಠ್ಯದಲ್ಲಿ ಇರಲಿಲ್ಲ, ಆದರೆ ಕತೆ ಗೊತ್ತಿಲ್ಲದ ಕನ್ನಡದ ಮಗು ಎಲ್ಲಿದೆ? ಹಾಗಾಗಿ ಎಲ್ಲರೂ ಮಾತಾಡ್ತಾರೆ ಅಂದುಕೊಂಡೆ. "ಈ ಕತೆಯಿಂದ ನಮಗೆ ಏನು ತಿಳಿಯುತ್ತದೆ?" ಅಂತ ಕೇಳಿದೆ. ಮುಂದಿನ ಬೆಂಚಿನ ನಾಲ್ಕು ಜನ ಒಟ್ಟಿಗೆ "ಸತ್ಯವೇ ದೇವರು ಸಾ" ಅಂದರು. "ವೆರಿ ಗುಡ್" ಅಂದೆ. ಮುಗೀತು! 40 ನಿಮಿಷದ ಪೀರಿಯಡ್, ಚರ್ಚೆ ಅರ್ಧ ನಿಮಿಷಕ್ಕೆ ಖಲಾಸ್. ಮಿಕ್ಕ ಸಮಯ ಏನು ಮಾಡೋದು ಅಂತ ತೋಚದೆ ಸತ್ಯದ ಬಗ್ಗೆ ನಾನೇ ಭಾಷಣ ಮಾಡಿದೆ.

ಭಾಷಣದ ಮಧ್ಯೆ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ, ಕೈಯೂ ಎತ್ತದೆ, ಮೆಲ್ಲಗೆ "ಕರೂನ ಯಾರೂ ಕೇಳ್ಲೇ ಇಲ್ವಲ್ಲ ಸಾ" ಅಂದಳು. ಒಂದಿಬ್ಬರು ಕಿಸಕ್ಕನೆ ನಕ್ಕರು. ನಾನು "ಅದು ಸರಿ ಕಣಮ್ಮ, ಆದ್ರೆ ಇಲ್ಲಿ ಮುಖ್ಯ ವಿಷಯ ಏನು ಅಂದ್ರೆ..." ಅಂತ ಮುಂದುವರಿಸಿಬಿಟ್ಟೆ.

ಆ ಇಡೀ ಪೀರಿಯಡ್ಡಿನಲ್ಲಿ ನಿಜವಾದ ಮಾತು ಅಂತ ಬಂದದ್ದು ಅದೊಂದೇ. ನನಗೆ ಆಗ ಅದು ಕೇಳಿಸಲೇ ಇಲ್ಲ. ಆಮೇಲೆ ಪೋಷಕರ ಸಭೆಗೆ ಅವಳ ಕಡೆಯಿಂದ ಅಜ್ಜಿ ಬಂದಿದ್ದರು. ಅಮ್ಮ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾಳೆ, ತಿಂಗಳಿಗೊಂದು ಸಲ ಬಂದು ಹೋಗ್ತಾಳೆ ಅಂದರು. ನಾನು ಅಲ್ಲೇ ನಿಂತುಬಿಟ್ಟೆ. ಹುಡುಗಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಆದರೆ ಹತ್ತನೇ ಕ್ಲಾಸು ಮುಗಿಸಿ ಹೋಗುವವರೆಗೂ ಅವಳು ನನ್ನ ಕ್ಲಾಸಿನಲ್ಲಿ ತಾನಾಗಿ ಬಾಯಿ ಬಿಡಲಿಲ್ಲ. ಅದು ಮಾತ್ರ ಗೊತ್ತು.

ಆಮೇಲೆ ಕೂತು ಯೋಚಿಸಿದಾಗ ಮೊದಲ ತಪ್ಪು ಪ್ರಶ್ನೆಯಲ್ಲೇ ಇತ್ತು ಅಂತ ಹೊಳೆಯಿತು. "ಈ ಕತೆಯ ನೀತಿ ಏನು" ಅನ್ನೋದು ಚರ್ಚೆಯ ಪ್ರಶ್ನೆಯೇ ಅಲ್ಲ. ಅದರ ಉತ್ತರ ನನ್ನ ಜೇಬಿನಲ್ಲಿದೆ ಅಂತ ಮಕ್ಕಳಿಗೆ ಗೊತ್ತು. ಅವರು ಯೋಚನೆ ಮಾಡೋದು ಹಸುವಿನ ಬಗ್ಗೆ ಅಲ್ಲ, ಮೇಷ್ಟ್ರ ಜೇಬಿನಲ್ಲಿ ಏನಿದೆ ಅಂತ. ನಾವು ಚರ್ಚೆ ಅಂತ ಕರೆಯೋದರಲ್ಲಿ ಮುಕ್ಕಾಲು ಪಾಲು ಈ ಜೇಬು ತಡಕಾಡುವ ಆಟವೇ. ಮೇಷ್ಟ್ರು ಕೇಳ್ತಾರೆ, ಒಬ್ಬ ಹೇಳ್ತಾನೆ, ಮೇಷ್ಟ್ರು ಗುಡ್ ಅಂತಾರೆ ಅಥವಾ ತಪ್ಪು ಅಂತಾರೆ. ಮತ್ತೆ ಕೇಳ್ತಾರೆ. ಚೆಂಡು ಪ್ರತಿ ಸಲವೂ ಮೇಷ್ಟ್ರ ಕೈಗೇ ವಾಪಸ್. ಮಕ್ಕಳ ಮಧ್ಯೆ ಒಂದು ಸಲವೂ ಓಡಾಡೋದಿಲ್ಲ.

ಈಗ ನನ್ನದೊಂದು ಸರಳ ಪರೀಕ್ಷೆ ಇದೆ. ಪ್ರಶ್ನೆ ಬರೆದುಕೊಂಡ ಮೇಲೆ ನನ್ನನ್ನೇ ಕೇಳಿಕೊಳ್ತೀನಿ: ಇದಕ್ಕೆ ಇಬ್ಬರು ಬುದ್ಧಿವಂತರು ಬೇರೆ ಬೇರೆ ಉತ್ತರ ಕೊಟ್ಟು, ಇಬ್ಬರೂ ಕತೆಯಿಂದಲೇ ಕಾರಣ ತೋರಿಸೋಕೆ ಆಗುತ್ತಾ? ಆಗೋದಿಲ್ಲ ಅಂದರೆ ಅದು ಪರೀಕ್ಷೆಗೆ ಸರಿ, ಚರ್ಚೆಗೆ ಬೇಡ. ಅದೇ ಗೋವಿನ ಹಾಡಿಗೆ ಈಗ ನಾನು ಕೇಳೋದು: "ಪುಣ್ಯಕೋಟಿ ಹುಲಿ ಹತ್ರ ವಾಪಸ್ ಹೋಗಬೇಕಿತ್ತಾ, ಬೇಡವಾಗಿತ್ತಾ?" ಅಷ್ಟೇ. ಚರ್ಚೆ ಒಂದೇ ಕಡೆ ವಾಲಿದರೆ ಅಂತ ಇನ್ನೆರಡು ಪ್ರಶ್ನೆ ಚೀಟಿಯಲ್ಲಿ ಬರೆದಿಟ್ಟುಕೊಂಡಿರ್ತೀನಿ. ಪ್ರಾಣಭಯದಲ್ಲಿ ಕೊಟ್ಟ ಮಾತಿಗೂ ಬೆಲೆ ಇದೆಯಾ? ಹುಲಿಗೆ ಕೊಟ್ಟ ಮಾತು ದೊಡ್ಡದಾ, ಕರುವಿನ ಹೊಟ್ಟೆ ದೊಡ್ಡದಾ?

ಎರಡನೇ ತಪ್ಪು ಅವಸರ. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ವಿಜ್ಞಾನ ಶಿಕ್ಷಣದ ಸಂಶೋಧಕಿ ಇದ್ದರು. 1970ರ ದಶಕದಲ್ಲಿ ಅವರು ತರಗತಿಗಳ ಟೇಪ್ ರೆಕಾರ್ಡಿಂಗ್ ಕೇಳಿ ಒಂದು ವಿಚಿತ್ರ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಉತ್ತರಕ್ಕೆ ಕಾಯೋದು ಸರಾಸರಿ ಒಂದು ಸೆಕೆಂಡ್ ಅಷ್ಟೇ! ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆ ಬದಲಾಯಿಸ್ತಾರೆ, ಇಲ್ಲ ಇನ್ನೊಬ್ಬರನ್ನ ಎಬ್ಬಿಸ್ತಾರೆ. ಅದನ್ನೇ ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತೆ, ಮಾತಾಡದವರು ಮಾತಾಡ್ತಾರೆ, ಮಕ್ಕಳೇ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ ಅಂತ ಅವರು ತೋರಿಸಿದರು. ಕಾಯಬೇಕಾದದ್ದು ಪ್ರಶ್ನೆ ಆದ ಮೇಲೆ ಮಾತ್ರವಲ್ಲ, ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೂ.

ಮೂರು ಸೆಕೆಂಡ್ ಏನು ಮಹಾ ಅನ್ನಿಸುತ್ತೆ ಅಲ್ವಾ? ಒಂದು ಸಲ ಅರವತ್ತು ಮಕ್ಕಳ ಮುಂದೆ ನಿಂತು ಸುಮ್ಮನೆ ಎಣಿಸಿ ನೋಡಿ. ಮೈಯೆಲ್ಲಾ ಪರಪರ ಅನ್ನುತ್ತೆ. ನಾನು ಮೊದಮೊದಲು ಬೆನ್ನ ಹಿಂದೆ ಬೆರಳು ಮಡಿಸಿ ಎಣಿಸ್ತಿದ್ದೆ. "ವೆರಿ ಗುಡ್" ಅನ್ನೋದನ್ನೂ ಬಿಟ್ಟೆ. ಗುಡ್ ಅಂದ ಕ್ಷಣ ಸರಿ ಉತ್ತರ ಸಿಕ್ಕಿಬಿಡ್ತು ಅಂತ ಮಿಕ್ಕವರು ಪುಸ್ತಕ ಮುಚ್ಚಿಬಿಡ್ತಾರೆ. ಅದರ ಬದಲು "ಇವನು ಹೇಳಿದ್ದಕ್ಕೆ ಯಾರಾದ್ರೂ ಬೇರೆ ಹೇಳ್ತೀರಾ?" ಅಂತೀನಿ, ಇಲ್ಲ ಸುಮ್ಮನೆ ತಲೆ ಆಡಿಸ್ತೀನಿ.

ಮೂರನೆಯದು, ಯಾರು ಮಾತಾಡ್ತಾರೆ ಅನ್ನೋದು. ಬಾಯಿ ಇದ್ದವರಿಗೆ ಚರ್ಚೆ ಬಿಟ್ಟುಕೊಟ್ಟರೆ ಮುಂದಿನ ಬೆಂಚಿನ ನಾಲ್ಕು ಗಂಡು ಹುಡುಗರು ಅದನ್ನು ನುಂಗಿ ನೀರು ಕುಡೀತಾರೆ. ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉಪಾಯ ಫ್ರಾಂಕ್ ಲೈಮನ್ ಅನ್ನುವವರು 1981ರಲ್ಲಿ ಹೇಳಿದ್ದು. ಮೊದಲು ಒಬ್ಬೊಬ್ಬರೇ ಯೋಚಿಸಲಿ, ಆಮೇಲೆ ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಎಲ್ಲರ ಮುಂದೆ. ನಾನು ಇದಕ್ಕೆ ಬರವಣಿಗೆ ಸೇರಿಸಿಕೊಂಡಿದ್ದೀನಿ. ಐದು ನಿಮಿಷ ಎಲ್ಲರೂ ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡು ಸಾಲು ಬರೀಬೇಕು. ಐದು ನಿಮಿಷ ಪಕ್ಕದವರ ಜೊತೆ ಮಾತು. ಈ ಹೊತ್ತಿನಲ್ಲಿ ನಾನು ಬೆಂಚುಗಳ ಮಧ್ಯೆ ಓಡಾಡಿ ಇಣುಕಿ ನೋಡ್ತೀನಿ. ಮಾತಾಡದ ಮಗು ಒಳ್ಳೆಯದು ಬರೆದಿದ್ದರೆ "ಇದನ್ನ ಆಮೇಲೆ ಓದ್ತೀಯಾ?" ಅಂತ ಮೆತ್ತಗೆ ಕೇಳಿಟ್ಟುಕೊಳ್ತೀನಿ. ಬೇಡ ಅಂದರೆ ಬಲವಂತ ಇಲ್ಲ. ಆಮೇಲೆ ಇಪ್ಪತ್ತು ನಿಮಿಷ ಎಲ್ಲರ ಮಾತು. ಕೊನೆಯ ಹತ್ತು ನಿಮಿಷದಲ್ಲಿ ಬೋರ್ಡಿನ ಮೇಲೆ ಎರಡೂ ಕಡೆಯ ಕಾರಣ ಬರೆದು, "ನಿಮ್ಮ ಮೊದಲಿನ ಎರಡು ಸಾಲು ಈಗ ಬದಲಾಯಿಸ್ತೀರಾ? ಯಾಕೆ?" ಅಂತ ಬರೆಸ್ತೀನಿ. ಈ ಕೊನೆಯ ಭಾಗ ಬಿಟ್ಟರೆ ಅದು ನಿಜವಾಗಲೂ ಸಂತೆಯೇ, ಗಣಿತದ ಮೇಷ್ಟ್ರು ಹೇಳಿದ್ದು ಸರಿ.

ಇನ್ನೊಂದು ಮಾತು. ಚರ್ಚೆಯ ದಿನ ಮಕ್ಕಳ ಭಾಷೆ ತಿದ್ದೋದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೀನಿ. "ಅಸು" ಅಂದವನಿಗೆ "ಹಸು ಅನ್ನೋ" ಅಂದರೆ ಅವನು ಹೇಳಬೇಕಿದ್ದ ಮಾತು ಅಲ್ಲೇ ಸತ್ತುಹೋಗುತ್ತೆ. ತಿದ್ದೋಕೆ ವಾರದಲ್ಲಿ ಬೇರೆ ದಿನಗಳಿವೆ.

ಹೀಗೆ ಮಾಡಿದ ವರ್ಷ ಬಂದ ಉತ್ತರಗಳು ಕೇಳಿ. ಒಬ್ಬ ಹೇಳಿದ: "ಹೋಗದೇ ಇದ್ರೆ ಹುಲಿ ಇನ್ನೊಂದು ಹಸೂನ ಹಿಡೀತಿತ್ತು ಸಾ, ಅದ್ಕೂ ಕರು ಇರ್ತಿತ್ತಲ್ವಾ?" ಇಷ್ಟು ವರ್ಷ ಈ ಕತೆ ಕೇಳಿದ ನನಗೆ ಇದು ಹೊಳೆದೇ ಇರಲಿಲ್ಲ. ಇನ್ನೊಬ್ಬಳು ಎದ್ದು "ಹಂಗಾದ್ರೆ ಹುಲಿ ಸಾಯಬೇಕಿತ್ತಾ? ಅದ್ಕೂ ಹಸಿವಾಗಿತ್ತು, ಅದೇನು ತಪ್ಪು ಮಾಡ್ತು?" ಅಂದಳು. ಗಲಾಟೆಯೋ ಗಲಾಟೆ. ಬೆಲ್ ಹೊಡೆದ ಮೇಲೂ ಕಾರಿಡಾರಿನಲ್ಲಿ ಮುಂದುವರಿಯಿತು. ಕರುವಿನ ಮಾತೂ ಬಂತು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಯಾರ ಮನೆಯ ವಿಷಯವನ್ನೂ ಕೆದಕಲಿಲ್ಲ, ಕೆದಕಲೂಬಾರದು. ಕತೆಯ ಕರುವಿನ ಬಗ್ಗೆಯೇ ಮಾತಾಡಿದರೆ ಸಾಕು, ತಮ್ಮದನ್ನು ಹೇಳಬೇಕಾದವರು ಅದರಲ್ಲೇ ಹೇಳಿಕೊಳ್ತಾರೆ.

"ಪೋರ್ಷನ್ ಮುಗಿಸೋದು ಯಾವಾಗ ಸ್ವಾಮಿ?" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಮ್ಮಿ ಆದರೆ ಉತ್ತರ ಕೊಡಬೇಕಾದವರು ನಾವೇ. ಹಾಗಾಗಿ ದಿನಾ ಚರ್ಚೆ ಮಾಡಿಸಿ ಅಂತ ನಾನು ಹೇಳೋದಿಲ್ಲ. ವ್ಯಾಕರಣದ ಸಂಧಿ ಸಮಾಸ ಚರ್ಚೆಯಿಂದ ಬರೋದಿಲ್ಲ, ಅದನ್ನು ಹೇಳಿಯೇ ಕೊಡಬೇಕು. ಹದಿನೈದು ದಿನಕ್ಕೊಂದು ಪೀರಿಯಡ್ ಸಾಕು, ಆದರೆ ತಯಾರಿ ಮಾಡಿಕೊಂಡು. ತಯಾರಿ ಇಲ್ಲದ ನಾಲ್ಕಕ್ಕಿಂತ ತಯಾರಿ ಇರುವ ಒಂದು ಮೇಲು.

ನಮ್ಮಲ್ಲಿ ಇದೆಲ್ಲ ಹೊಸದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ ಕಲಿಯಲ್ಲಿ ಚಿಕ್ಕ ಮಕ್ಕಳು ಗುಂಪಾಗಿ ಕೂತು ಮಾತಾಡ್ತಾ ಕಲಿಯುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದಿಂದ ಆಚೆ ಬನ್ನಿ, ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಅಂತ ಹೇಳಿತು. ಆದರೆ ಅದೇ ಮಗು ಹೈಸ್ಕೂಲಿಗೆ ಬರುವಷ್ಟರಲ್ಲಿ ಸಾಲಾಗಿ ಕೂತು, ಮೇಷ್ಟ್ರ ಜೇಬು ನೋಡೋದು ಕಲಿತಿರುತ್ತೆ. ಕಲಿಸಿದವರು ನಾವೇ.

ಗಣಿತದ ಮೇಷ್ಟ್ರಿಗೆ ಮುಂದಿನ ಸಲ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಿ ಅಂತ ಹೇಳಿದ್ದೀನಿ. "ಬರ್ತೀನಿ, ಆದ್ರೆ ನಾನೂ ಮಾತಾಡ್ತೀನಿ" ಅಂದಿದ್ದಾರೆ. ಮಾತಾಡಬೇಡಿ ಅನ್ನೋದೇ ನನ್ನ ಷರತ್ತು.

ಓದುವ ನಿಮ್ಮಲ್ಲಿ ಮೇಷ್ಟ್ರುಗಳು, ಮೇಡಂಗಳು ಇದ್ದೀರಿ ಅಂತ ಗೊತ್ತು. ನೀವು ಯಾವ ಪ್ರಶ್ನೆ ಕೇಳಿದಾಗ ಕ್ಲಾಸು ಎದ್ದು ಕೂತಿತು? ಮೇಷ್ಟ್ರಲ್ಲದವರಿಗೆ ಇನ್ನೊಂದು ಪ್ರಶ್ನೆ: ಶಾಲೆಯಲ್ಲಿ ನೀವು ಹೇಳಬೇಕು ಅಂದುಕೊಂಡು, ಯಾರೂ ಕಾಯದೆ ನುಂಗಿಕೊಂಡ ಮಾತು ಯಾವುದಾದರೂ ಇದೆಯಾ? ಕಾಮೆಂಟಿನಲ್ಲಿ ಬರೀರಿ. ಈ ಸಲ ಅವಸರ ಇಲ್ಲ, ಕಾಯ್ತೀನಿ.