ಖಾಲಿ ಕುರ್ಚಿಗೆ ಆಳು ಹುಡುಕುವವರು

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ರಿಲೀಸು, ಪ್ರೊಡಕ್ಷನ್ ಸಪೋರ್ಟು, ಜೊತೆಗೆ ನನ್ನ ಹುಟ್ಟು ಸೋಮಾರಿತನ... ಕಾರಣಗಳಿಗೇನು ಬರ! ಆದರೆ ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ನಡೆದ ಒಂದು ಜಗಳ ಇನ್ನೂ ತಲೆಯೊಳಗೆ ಗುಂಯ್ ಅನ್ನುತ್ತಿದೆ. ಬರೆದು ಇಳಿಸಿಕೊಳ್ಳದಿದ್ದರೆ ನಿದ್ದೆ ಬರೋಲ್ಲ.

ಜಗಳ ಆಗಿದ್ದು ಎನ್‌ಬಿಎ ಡ್ರಾಫ್ಟ್ ಬಗ್ಗೆ. ನನ್ನ ಪಕ್ಕದ ಕ್ಯೂಬಿಕಲ್ಲಿನ ಗೆಳೆಯ ಚಪಾತಿ ಹರಿಯುತ್ತಾ ಹೇಳಿದ: "ತಂಡದಲ್ಲಿ ಯಾವ ಜಾಗ ಖಾಲಿ ಇದೆಯೋ ಆ ಜಾಗಕ್ಕೆ ಹೊಂದೋ ಹುಡುಗನ್ನ ಆರಿಸಬೇಕು. ಅಷ್ಟೇ. ಇದರಲ್ಲಿ ಚರ್ಚೆ ಮಾಡೋಕೇನಿದೆ?"

ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ. ಅದೇ ಅದರ ಅಪಾಯ. ಇಷ್ಟು ಸಭ್ಯವಾಗಿ ಕಾಣುವ ಇನ್ನೊಂದು ತಪ್ಪು ಸಲಹೆ ಆ ಆಟದಲ್ಲಿ ಇಲ್ಲ ಅಂತ ನನ್ನ ವಾದ.

ಬ್ಯಾಸ್ಕೆಟ್‌ಬಾಲ್ ನೋಡದವರಿಗೆ ಎರಡು ಮಾತು. ಎನ್‌ಬಿಎ ಡ್ರಾಫ್ಟು ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ದುಡ್ಡಿನ ಚೀಲ ತೋರಿಸಿ ಹುಡುಗರನ್ನು ಕೊಳ್ಳೋಕೆ ಆಗೋಲ್ಲ. ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಗಳಿಗೆ ಮೊದಲ ಆಯ್ಕೆಗಳು ಸಿಗುತ್ತವೆ, ಅದಕ್ಕೂ 1985ರಿಂದ ಒಂದು ಲಾಟರಿ ಇದೆ. ಮೊದಲ ಸುತ್ತಿನಲ್ಲಿ ಬಂದ ಹುಡುಗನ ಸಂಬಳವೂ ಅವನ ಕ್ರಮಾಂಕದ ಮೇಲೆ ಹೆಚ್ಚುಕಮ್ಮಿ ಮೊದಲೇ ಗೊತ್ತಾಗಿರುತ್ತೆ. ಇನ್ನು ಅಂಕಣದಲ್ಲಿ ಒಂದು ತಂಡಕ್ಕೆ ಐದೇ ಜನ. ಒಬ್ಬ ಒಳ್ಳೆಯ ಆಟಗಾರ 48 ನಿಮಿಷದಲ್ಲಿ 36 ನಿಮಿಷಕ್ಕೂ ಹೆಚ್ಚು ಆಡಬಲ್ಲ, ಎರಡೂ ಕಡೆ ಆಡಬಲ್ಲ. ಹನ್ನೊಂದು ಜನರ ಕ್ರಿಕೆಟ್ಟಿನಲ್ಲಿ ಒಬ್ಬನಿಂದ ಆಗದ ಬದಲಾವಣೆ ಇಲ್ಲಿ ಒಬ್ಬನಿಂದ ಆಗುತ್ತೆ. ಹಾಗಾಗಿ ಆ ಒಂದು ಆಯ್ಕೆ ತಪ್ಪಿದರೆ ಹತ್ತು ವರ್ಷ ಬಾಯಿ ಬಾಯಿ ಬಡಿದುಕೊಳ್ಳಬೇಕು.

ಈಗ 1984ಕ್ಕೆ ಬನ್ನಿ. ಎರಡನೇ ಆಯ್ಕೆ ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ಕೈಯಲ್ಲಿತ್ತು. ಅವರೇನೂ ದರಿದ್ರ ತಂಡ ಆಗಿರಲಿಲ್ಲ, ಹಿಂದಿನ ಸೀಸನ್ನಿನಲ್ಲಿ 48 ಪಂದ್ಯ ಗೆದ್ದಿದ್ದವರು. ಹಳೆಯ ವಹಿವಾಟೊಂದರಲ್ಲಿ ಇಂಡಿಯಾನಾ ಕೊಟ್ಟಿದ್ದ ಆಯ್ಕೆ ಅದು. ಅವರ ಬಳಿ ಗಾರ್ಡ್ ಜಾಗಕ್ಕೆ ಜಿಮ್ ಪ್ಯಾಕ್ಸನ್ ಇದ್ದ, ಹಿಂದಿನ ವರ್ಷವಷ್ಟೇ ಆರಿಸಿದ್ದ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ. ಇಲ್ಲದಿದ್ದದ್ದು ಒಬ್ಬ ಎತ್ತರದ ಸೆಂಟರ್. ಖಾಲಿ ಕುರ್ಚಿ! ಅದಕ್ಕೆ ಸರಿಯಾಗಿ ಏಳಡಿ ಒಂದಂಗುಲದ ಸ್ಯಾಮ್ ಬೋವಿ ಸಿಕ್ಕ. ಕೂರಿಸಿದರು. ಮೂರನೆಯ ಆಯ್ಕೆ ಇದ್ದ ಶಿಕಾಗೋ, ಉಳಿದಿದ್ದ ಮೈಕೆಲ್ ಜೋರ್ಡನ್ನನ್ನು ಕರೆದುಕೊಂಡು ಹೋಯಿತು.

"ಜೋರ್ಡನ್ ಹೀಗಾಗ್ತಾನೆ ಅಂತ ಅವತ್ತು ಯಾರಿಗೆ ಗೊತ್ತಿತ್ತು?" ಅಂತ ನನ್ನ ಗೆಳೆಯ ಕೇಳಿದ. ಸರಿ, ಅಷ್ಟು ಗೊತ್ತಿರಲಿಲ್ಲ. ಆದರೆ ಎಷ್ಟು ಗೊತ್ತಿತ್ತು ಅಂತ ನೋಡೋಣ. ಜೋರ್ಡನ್ 1982ರ ಕಾಲೇಜು ಫೈನಲ್ಲಿನಲ್ಲಿ ಗೆಲುವಿನ ಬುಟ್ಟಿ ಹಾಕಿದ್ದ. 1984ರ ಶ್ರೇಷ್ಠ ಕಾಲೇಜು ಆಟಗಾರ ಅಂತ ಪ್ರಶಸ್ತಿ ಪಡೆದಿದ್ದ. ಬೋವಿಯೋ, ಕಾಲಿನ ಮೂಳೆ ಬಿರುಕು ಬಿಟ್ಟು ಕಾಲೇಜಿನಲ್ಲಿ ಎರಡು ಪೂರ್ತಿ ಸೀಸನ್ ಕಳೆದುಕೊಂಡಿದ್ದ. ಇದೂ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಪೋರ್ಟ್‌ಲ್ಯಾಂಡಿನವರು ಗಂಟೆಗಟ್ಟಲೆ ವೈದ್ಯಕೀಯ ಪರೀಕ್ಷೆ ಮಾಡಿಸಿದರು. ಡಾಕ್ಟರು ಕಾಲಿನ ಮೇಲೆ ತಟ್ಟಿದಾಗ ನೋವಾಗುತ್ತಿದ್ದರೂ ಇಲ್ಲ ಅಂದಿದ್ದೆ ಅಂತ ಬೋವಿಯೇ 2012ರ ಸಾಕ್ಷ್ಯಚಿತ್ರವೊಂದರಲ್ಲಿ ಒಪ್ಪಿಕೊಂಡಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ವಯಸ್ಸಿನಲ್ಲಿ ಎದುರಿಗೆ ಬದುಕು ನಿಂತಿರುವಾಗ ನಾನಾದರೂ ನೋವಿಲ್ಲ ಅಂತಲೇ ಹೇಳುತ್ತಿದ್ದೆ. ಪೋರ್ಟ್‌ಲ್ಯಾಂಡಿನಲ್ಲಿ ಐದು ವರ್ಷದಲ್ಲಿ ಅವನು ಆಡಿದ್ದು 139 ಪಂದ್ಯ.

ಇನ್ನೊಂದು ಕಥೆ ಹೇಳುತ್ತಾರೆ. ಆ ವರ್ಷದ ಅಮೆರಿಕದ ಒಲಿಂಪಿಕ್ ತಂಡದ ಕೋಚ್ ಬಾಬಿ ನೈಟ್, ಪೋರ್ಟ್‌ಲ್ಯಾಂಡಿನ ಸ್ಟು ಇನ್‌ಮನ್‌ಗೆ ಜೋರ್ಡನ್ನನ್ನೇ ತಗೋ ಅಂದರಂತೆ. ನಮಗೆ ಬೇಕಾಗಿರೋದು ಸೆಂಟರ್ ಅಂತ ಇವರು ಅಂದಾಗ, ಹಾಗಾದರೆ ಅವನನ್ನೇ ಸೆಂಟರಿನಲ್ಲಿ ಆಡಿಸು ಅಂದರಂತೆ. ನಡೆದದ್ದು ಅಕ್ಷರಶಃ ಹಾಗೇನಾ ಗೊತ್ತಿಲ್ಲದಿದ್ದರೂ, ಮಾತು ಮಾತ್ರ ಗೋಡೆಗೆ ಅಂಟಿಸಿಕೊಳ್ಳುವಂಥದ್ದು.

ಈಗ ಅದೇ ಡ್ರಾಫ್ಟಿನ ಮೊದಲ ಆಯ್ಕೆ ನೋಡಿ. ಇದನ್ನು ಯಾರೂ ಹೇಳೋಲ್ಲ. ಹ್ಯೂಸ್ಟನ್ ಬಳಿ ಅದಾಗಲೇ ಏಳಡಿ ನಾಲ್ಕಂಗುಲದ ರಾಲ್ಫ್ ಸ್ಯಾಂಪ್ಸನ್ ಇದ್ದ. 1983ರಲ್ಲಿ ಮೊದಲ ಆಯ್ಕೆಯಾಗಿ ಬಂದವನು, ಅವನೂ ಸೆಂಟರೇ. ಖಾಲಿ ಕುರ್ಚಿ ಸಿದ್ಧಾಂತದ ಪ್ರಕಾರ ಹ್ಯೂಸ್ಟನ್ ಇನ್ನೊಬ್ಬ ಸೆಂಟರ್ ಕಡೆ ತಲೆಯೆತ್ತಿಯೂ ನೋಡಬಾರದಿತ್ತು. ಅವರು ಹಕೀಂ ಒಲಾಜುವಾನ್‌ನನ್ನು ತಗೊಂಡರು. ಇಬ್ಬರನ್ನೂ ಒಟ್ಟಿಗೆ ಆಡಿಸಿ 1986ರಲ್ಲಿ ಫೈನಲ್ಲಿಗೆ ಹೋದರು. ಸ್ಯಾಂಪ್ಸನ್ ಗಾಯಗೊಂಡು ಕಳೆದುಹೋದ ಮೇಲೂ ಹಕೀಂ ಉಳಿದ, 1994 ಮತ್ತು 1995ರಲ್ಲಿ ಕಪ್ ತಂದುಕೊಟ್ಟ. 1992ರ ಫೈನಲ್ಲಿನಲ್ಲಿ ಪೋರ್ಟ್‌ಲ್ಯಾಂಡನ್ನು ಸೋಲಿಸಿದ್ದು ಯಾರು ಅಂತ ಬೇರೆ ಹೇಳಬೇಕೇ? ಜೋರ್ಡನ್‌ನ ಶಿಕಾಗೋ :-)

ಇಲ್ಲಿಗೆ ಬಂದಾಗ ನನ್ನ ಗೆಳೆಯ ಪಕ್ಷ ಬದಲಾಯಿಸಿ, "ಹೌದು ಗುರು, ಪೋರ್ಟ್‌ಲ್ಯಾಂಡಿನವರು ಶುದ್ಧ ಪೆದ್ದರು, 2007ರಲ್ಲೂ ಡುರಾಂಟ್‌ನ ಬಿಟ್ಟು ಒಡೆನ್‌ನ ತಗೊಂಡರು" ಅಂದ. ಈಗ ನನಗೆ ಇನ್ನೂ ಸಿಟ್ಟು ಬಂತು. ಎರಡೂ ಒಂದೇ ಥರದ ತಪ್ಪಲ್ಲ ಸ್ವಾಮೀ!

2007ರಲ್ಲಿ 5.3% ಅವಕಾಶವಿದ್ದ ಪೋರ್ಟ್‌ಲ್ಯಾಂಡಿಗೆ ಲಾಟರಿ ಹೊಡೆದು ಮೊದಲ ಆಯ್ಕೆ ಬಂತು. ಗ್ರೆಗ್ ಒಡೆನ್ ಏಳಡಿ ಎತ್ತರದವನು, ಬಲ ಮಣಿಕಟ್ಟಿನ ಗಾಯದಿಂದಾಗಿ ಎಡಗೈಯಲ್ಲಿ ಫ್ರೀ ಥ್ರೋ ಹಾಕಿಕೊಂಡು ಆಡಿದವನು. ತನ್ನ ಕಾಲೇಜನ್ನು ಫೈನಲ್ಲಿಗೆ ಮುಟ್ಟಿಸಿ ಅಲ್ಲಿ 25 ಅಂಕ ಹೊಡೆದ. ಕೆವಿನ್ ಡುರಾಂಟ್ ಕಾಲೇಜಿನಲ್ಲಿ ಪಂದ್ಯಕ್ಕೆ 25.8 ಅಂಕ ಬಾರಿಸಿದ್ದ, ಆದರೆ ಡ್ರಾಫ್ಟಿಗೆ ಮುಂಚಿನ ಪರೀಕ್ಷೆಯಲ್ಲಿ ಸುಮಾರು 84 ಕೆಜಿಯ ಬಾರನ್ನು ಒಂದು ಸಲವೂ ಎತ್ತಲಾಗಲಿಲ್ಲ. ಅವತ್ತು ಪಂಡಿತರಲ್ಲಿ ಹೆಚ್ಚಿನವರು ಒಡೆನ್ ಅಂತಲೇ ಹೇಳುತ್ತಿದ್ದರು. ಪೋರ್ಟ್‌ಲ್ಯಾಂಡ್ ಆರಿಸಿದ್ದು ಶ್ರೇಷ್ಠ ಎಂದು ತಾನು ನಂಬಿದ ಹುಡುಗನನ್ನು. ಸೆಪ್ಟೆಂಬರಿನಲ್ಲಿ, ಇನ್ನೂ ಒಂದೇ ಒಂದು ಪಂದ್ಯ ಆಡುವ ಮೊದಲೇ, ಅವನ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಮುಂದೆ ಆ ತಂಡಕ್ಕೆ ಅವನು ಆಡಿದ್ದು ಒಟ್ಟು 82 ಪಂದ್ಯ. ಡುರಾಂಟ್ 2014ರಲ್ಲಿ ಎಂವಿಪಿ ಆದ, 2017, 2018ರಲ್ಲಿ ಎರಡು ಕಪ್ ಗೆದ್ದ.

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಕೋಡು ಸರಿಯಾಗಿದ್ದು ಡಿಸ್ಕ್ ಸುಟ್ಟುಹೋದರೂ ಸರ್ವರ್ ಬೀಳುತ್ತೆ. ಲಾಜಿಕ್ಕೇ ತಪ್ಪಾಗಿದ್ದರೂ ಸರ್ವರ್ ಬೀಳುತ್ತೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. ಒಡೆನ್ ಸುಟ್ಟ ಡಿಸ್ಕು. ಬೋವಿ ತಪ್ಪು ಲಾಜಿಕ್ಕು. ಫಲಿತಾಂಶ ನೋಡಿಕೊಂಡು ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಿ ನಗುವವರಿಗೆ ಈ ವ್ಯತ್ಯಾಸ ಯಾವತ್ತೂ ಅರ್ಥ ಆಗೋಲ್ಲ, ಹಾಗಾಗಿ ಅವರಿಂದ ಯಾರೂ ಏನೂ ಕಲಿಯೋಲ್ಲ.

ಹಳೇ ಕಥೆ ಸಾಕು ಅಂತೀರಾ? 2018. ನಾನಾಗ ಇಂಜಿನಿಯರಿಂಗ್ ವಿದ್ಯಾರ್ಥಿ. ಡ್ರಾಫ್ಟು ಅಲ್ಲಿ ಸಂಜೆ ಅಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ ಐದು. ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಸಿಗ್ನಲ್ ಸಿಗುವ ಒಂದೇ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಿದ್ದೆ. ಲುಕಾ ಡಾನ್ಚಿಚ್ ಆಗ 19 ವರ್ಷದವನು. ಅಮೆರಿಕದ ಹೊರಗಿನ ಅತಿ ದೊಡ್ಡ ಲೀಗ್ ಆದ ಯೂರೋಲೀಗನ್ನು ಅದೇ ವರ್ಷ ರಿಯಲ್ ಮ್ಯಾಡ್ರಿಡ್ ಪರ ಗೆದ್ದಿದ್ದ, ಅದರ ಎಂವಿಪಿಯೂ ಆಗಿದ್ದ. ಅದೂ ದೊಡ್ಡವರ ಜೊತೆ ಆಡಿ. ಫೀನಿಕ್ಸ್ ಮೊದಲ ಆಯ್ಕೆಯಲ್ಲಿ ಡಿಆಂಡ್ರೆ ಏಟನ್ ಎಂಬ ಸೆಂಟರನ್ನು ತಗೊಂಡಿತು. ಗಮ್ಮತ್ತು ನೋಡಿ, ಫೀನಿಕ್ಸಿನ ಹೊಸ ಕೋಚ್ ಇಗೊರ್ ಕೊಕೊಶ್ಕೋವ್ 2017ರಲ್ಲಿ ಇದೇ ಲುಕಾನನ್ನು ಇಟ್ಟುಕೊಂಡು ಸ್ಲೊವೇನಿಯಾಕ್ಕೆ ಯುರೋಪಿನ ಚಿನ್ನ ಗೆಲ್ಲಿಸಿದವರು! ಎರಡನೆಯದು ಸ್ಯಾಕ್ರಮೆಂಟೊ. ಚೆಂಡು ಆಡಿಸೋಕೆ ಅವರಲ್ಲಿ ಡಿಏರನ್ ಫಾಕ್ಸ್ ಇದ್ದನಲ್ಲ, ಇನ್ನೊಬ್ಬ ಯಾಕೆ? ಮಾರ್ವಿನ್ ಬ್ಯಾಗ್ಲಿಯನ್ನು ತಗೊಂಡರು. ಮೂರನೆಯದಾಗಿ ಅಟ್ಲಾಂಟಾ ಆರಿಸಿ, ಡಲ್ಲಾಸಿಗೆ ಬಿಟ್ಟುಕೊಟ್ಟಿತು. 2024ರಲ್ಲಿ ಲುಕಾ ಡಲ್ಲಾಸನ್ನು ಫೈನಲ್ಲಿಗೆ ಒಯ್ದ. ಬ್ಯಾಗ್ಲಿ 2022ರಲ್ಲೇ ಸ್ಯಾಕ್ರಮೆಂಟೊ ಬಿಟ್ಟಿದ್ದ. ಯಾರ ಸಲುವಾಗಿ ಕುರ್ಚಿ ತುಂಬಿದೆ ಅಂದಿದ್ದರೋ ಆ ಫಾಕ್ಸ್ ಕೂಡ 2025ರಲ್ಲಿ ಬೇರೆ ಊರಿಗೆ ಹೋದ. ಆಟಗಾರರು ಹೋದರು, ಕುರ್ಚಿಗಳು ಮಾತ್ರ ಉಳಿದವು.

ನನ್ನ ವಾದದ ತಿರುಳೇ ಇದು. ಡ್ರಾಫ್ಟಿನಲ್ಲಿ ಬರುವ ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ. ಅವನು ಮಾಗೋಕೆ ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ತಂಡದ ಅರ್ಧ ಜನ ಬದಲಾಗಿರುತ್ತಾರೆ, ಕೋಚ್ ಬದಲಾಗಿರುತ್ತಾನೆ. ಕೊರತೆ ಇವತ್ತಿನದು, ಹುಡುಗ ನಾಳೆಯವನು. ಇವತ್ತಿನ ಕೊರತೆಗೆ ನಾಳೆಯವನನ್ನು ಅಳತೆ ಹಾಕಿ ಹೊಲಿದರೆ ಅಂಗಿ ಸಿದ್ಧವಾಗೋ ಹೊತ್ತಿಗೆ ಮೈಯೇ ಬೇರೆ ಆಗಿರುತ್ತೆ.

"ಡೆಟ್ರಾಯಿಟ್?" ಅಂದ ಗೆಳೆಯ. ಬುದ್ಧಿವಂತ, ಗೊತ್ತಿತ್ತು ಕೇಳ್ತಾನೆ ಅಂತ. 2003ರಲ್ಲಿ ಡೆಟ್ರಾಯಿಟ್ ಎರಡನೇ ಆಯ್ಕೆಯಲ್ಲಿ ಕಾರ್ಮೆಲೊ ಆಂಥನಿ, ಕ್ರಿಸ್ ಬಾಶ್, ಡ್ವೇನ್ ವೇಡ್ ಮೂವರನ್ನೂ ಬಿಟ್ಟು ಡಾರ್ಕೊ ಮಿಲಿಚಿಚ್‌ನನ್ನು ತಗೊಂಡಿತು. ಕಾರ್ಮೆಲೊನ ಜಾಗದಲ್ಲಿ ಅವರಿಗೆ ಟೇಶಾನ್ ಪ್ರಿನ್ಸ್ ಇದ್ದ. ಮರುವರ್ಷ, 2004ರಲ್ಲಿ ಕಪ್ಪನ್ನೂ ಗೆದ್ದರು. ಸರಿಯೇ. ಆದರೆ ಗೆಲ್ಲಿಸಿದ್ದು ಹಳಬರು, ಡಾರ್ಕೊ ಬೆಂಚು ಬಿಸಿ ಮಾಡುತ್ತಿದ್ದ. 2006ರಲ್ಲಿ ಅದೇ ಡೆಟ್ರಾಯಿಟನ್ನು ಫೈನಲ್ಲಿನ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದು ಮಯಾಮಿ. ಮಯಾಮಿಯ ನಾಯಕ ವೇಡ್. ಇದಕ್ಕಿಂತ ಹೆಚ್ಚು ನಾನೇನು ಹೇಳಲಿ?

ಹಾಗಾದರೆ ಶ್ರೇಷ್ಠ ಯಾರು ಅಂತ ಗೊತ್ತಾಗೋದು ಹೇಗೆ? ಇದು ನಿಜವಾದ ಪ್ರಶ್ನೆ. ನಿಕೊಲಾ ಯೋಕಿಚ್ 2014ರಲ್ಲಿ 41ನೆಯವನಾಗಿ ಡೆನ್ವರ್ ಪಾಲಾದ. ಅವನ ಹೆಸರು ಬಂದಾಗ ಟೀವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಡೆನ್ವರ್ ಕೂಡ ಅದೇ ರಾತ್ರಿ ಅವನಿಗಿಂತ ಮೊದಲು ಅವನದೇ ಜಾಗದ ಯೂಸುಫ್ ನುರ್ಕಿಚ್‌ನನ್ನು ಪಡೆದಿತ್ತು. ಆಮೇಲೆ ಯೋಕಿಚ್ ಮೂರು ಸಲ ಎಂವಿಪಿ ಆದ, 2023ರಲ್ಲಿ ಕಪ್ ತಂದ. ಯಾರಿಗೂ ಕಣ್ಣಿಲ್ಲ, ಒಪ್ಪಿಕೊಂಡೆ. ಆದರೆ ಇದೂ ನನ್ನ ಪಕ್ಷಕ್ಕೇ ಸಾಕ್ಷಿ. ಸೆಂಟರ್ ಕುರ್ಚಿ ತುಂಬಿದೆ ಅಂತ ಡೆನ್ವರ್ ಅವನನ್ನು ಬಿಟ್ಟಿದ್ದರೆ?

ನಮ್ಮ ಹತ್ತಿರದ್ದೇ ಉದಾಹರಣೆ ಬೇಕಾದರೆ 2008ರ ಐಪಿಎಲ್. ಹತ್ತೊಂಬತ್ತರೊಳಗಿನ ಹುಡುಗರಿಗೆ ಆಗ ಹರಾಜಿರಲಿಲ್ಲ, ಡ್ರಾಫ್ಟೇ ಇತ್ತು. ಡೆಲ್ಲಿಗೆ ಮನೆಯ ಹುಡುಗ ವಿರಾಟ್ ಕೊಹ್ಲಿಯನ್ನು ತಗೊಳ್ಳುವ ಅವಕಾಶವಿತ್ತು. ಸೆಹ್ವಾಗ್, ಗಂಭೀರ್ ಇದ್ದಾರೆ, ಬ್ಯಾಟಿಂಗ್ ತುಂಬಿದೆ, ಬೌಲರ್ ಬೇಕು ಅಂತ ಪ್ರದೀಪ್ ಸಂಗ್ವಾನ್‌ನನ್ನು ಆರಿಸಿದರು. ಕೊಹ್ಲಿ ಬೆಂಗಳೂರಿಗೆ ಬಂದ. ಮುಂದಿನದು ನಿಮಗೇ ಗೊತ್ತು, 2025ರ ಕಪ್ಪಿನವರೆಗೂ. ನಮ್ಮವರೇನೂ ಕಣಿ ಕೇಳಿ ಆರಿಸಿದ್ದಲ್ಲ ಬಿಡಿ. ಆದರೆ ಕುರ್ಚಿ ಎಣಿಸುತ್ತಾ ಕೂತಿದ್ದು ಅವರು.

ಇಷ್ಟು ಹೊತ್ತು ಬೇರೆಯವರ ಮೇಲೆ ಕಲ್ಲೆಸೆದೆ. ನನ್ನದೂ ಒಂದಿದೆ.

ಎರಡು ವರ್ಷದ ಹಿಂದೆ ಮೊದಲ ಸಲ ಕ್ಯಾಂಪಸ್ ಇಂಟರ್ವ್ಯೂ ತೆಗೆದುಕೊಳ್ಳಲು ಹೋಗಿದ್ದೆ. ಕೊನೆಗೆ ಇಬ್ಬರು ಉಳಿದರು, ಜಾಗ ಒಂದು. ಹುಡುಗನಿಗೆ ನಮ್ಮ ಪ್ರಾಜೆಕ್ಟಿನಲ್ಲಿ ಬಳಸುತ್ತಿದ್ದ ಫ್ರೇಮ್‌ವರ್ಕು ಅಚ್ಚುಕಟ್ಟಾಗಿ ಗೊತ್ತಿತ್ತು. ಹುಡುಗಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಆದರೆ ನಾನು ಕೊಟ್ಟ ಲೆಕ್ಕವನ್ನು ನನಗೇ ಹೊಳೆಯದ ದಾರಿಯಲ್ಲಿ ಬಿಡಿಸಿ, ನನ್ನ ಪ್ರಶ್ನೆಯಲ್ಲೇ ಇದ್ದ ಒಂದು ತಪ್ಪನ್ನೂ ಮೆಲ್ಲಗೆ ತೋರಿಸಿದಳು. ನಾನು ಹುಡುಗನನ್ನು ಆರಿಸಿದೆ. "ಪ್ರಾಜೆಕ್ಟಿಗೆ ಬೇಕಾಗಿರೋದು ಇದೇ ಅಲ್ವಾ" ಅಂತ ಫಾರ್ಮಿನಲ್ಲಿ ಬರೆದೆ. ಹೊರಡುವಾಗ ಅವಳು ಬಾಗಿಲ ಹತ್ತಿರ ನಿಂತು ಕೇಳಿದಳು, "ಸರ್, ನನ್ನ ಉತ್ತರದಲ್ಲಿ ತಪ್ಪೇನಿತ್ತು?" "ಏನೂ ಇರಲಿಲ್ಲ" ಅಂದೆ. ಅದು ನಿಜವೇ ಆಗಿತ್ತು, ಅದೇ ಇವತ್ತಿಗೂ ಚುಚ್ಚೋದು. ಎಂಟು ತಿಂಗಳಲ್ಲಿ ಆ ಪ್ರಾಜೆಕ್ಟೇ ನಿಂತುಹೋಯಿತು, ಫ್ರೇಮ್‌ವರ್ಕನ್ನು ಕೇಳುವವರಿಲ್ಲ. ಆ ಹುಡುಗನದ್ದೇನೂ ತಪ್ಪಿಲ್ಲ, ಪಾಪ, ಒಳ್ಳೆ ಕೆಲಸಗಾರ. ತಪ್ಪು ಲಾಜಿಕ್ಕು ನನ್ನದು.

ಬೋವಿಯನ್ನು ಆರಿಸಿದವರನ್ನು ನಾನು ಇಷ್ಟು ಬೈಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ :-)

ಮುಂದಿನ ವಾರ ಮತ್ತೆ ಕ್ಯಾಂಪಸ್ಸಿಗೆ ಹೋಗಬೇಕು. ಮ್ಯಾನೇಜರು ಈಗಾಗಲೇ ಬೇಕಾದ ಸ್ಕಿಲ್ಲುಗಳ ಪಟ್ಟಿ ಕಳಿಸಿದ್ದಾರೆ, ಹನ್ನೊಂದು ಸಾಲು. ಪ್ರಿಂಟ್ ತೆಗೆದುಕೊಂಡಿದ್ದೇನೆ. ಅದರ ಹಿಂದಿನ ಖಾಲಿ ಬದಿಯಲ್ಲಿ ಲೆಕ್ಕ ಬಿಡಿಸೋಕೆ ಕೊಡ್ತೀನಿ.

ನೀವು ಒಪ್ಪದಿದ್ದರೆ ಬೈಯಿರಿ, ಆದರೆ ಕಾರಣ ಕೊಟ್ಟು ಬೈಯಿರಿ. ಕ್ಯಾಂಟೀನಿನ ಗೆಳೆಯ ಇನ್ನೂ ಒಪ್ಪಿಲ್ಲ. ನಾಳೆ ಮಧ್ಯಾಹ್ನ ಎರಡನೇ ಸುತ್ತು ಇದೆ.