ಕಪಾಟಿನ ಜಮಾ-ಖರ್ಚು

"ಸಂಚಿಕೆಗೆ ಏನಾದರೂ ಬರಿ ಮಾರಾಯಾ, ಆದರೆ ಕವಿತೆ ಬೇಡ, ಕವಿತೆ ಬೇಕಾದಷ್ಟು ಬಂದಾವೆ" ಎಂದು ಸಂಪಾದಕ ಗೆಳೆಯರು ಬೆನ್ನು ಹತ್ತಿದರು. ಕಾಮರ್ಸ್ ಓದುವವನಿಗೆ ಕವಿತೆ ಹೇಗೂ ಬರುವುದಿಲ್ಲ. ಆದ್ದರಿಂದ ನಮ್ಮ ಮನೆಯ ಬಟ್ಟೆ ಕಪಾಟಿನ ವಿಷಯ ಬರೆಯುತ್ತೇನೆ. ಸಾಹಿತ್ಯ ಸಂಘದ ಪತ್ರಿಕೆಗೆ ಇದೂ ಒಂದು ವಿಷಯವೇ ಎಂದು ಮೂಗು ಮುರಿಯುವವರು ಮೊದಲು ತಮ್ಮ ಮನೆಯ ಕಪಾಟು ತೆರೆದು ನೋಡಿ ಬರಲಿ. ಆಮೇಲೆ ಮಾತಾಡೋಣ.

ನಮ್ಮದು ಮುಂಬಯಿಯ ಚಾಳಿನಲ್ಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದೇ ಖೋಲಿ. ಅಪ್ಪ, ಅವ್ವ, ಅಜ್ಜಿ, ನಾನು, ತಂಗಿ, ಹೀಗೆ ಐದು ಜನ. 1972ರ ಬರಗಾಲದಲ್ಲಿ ನಮ್ಮ ಅಜ್ಜ ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿ ಬಿಟ್ಟು ಈ ಊರಿಗೆ ಬಂದಾಗ ಇಡೀ ಸಂಸಾರದ ಬಟ್ಟೆ ಒಂದೇ ಟ್ರಂಕಿನಲ್ಲಿ ಬಂದಿತ್ತಂತೆ. ಆ ಟ್ರಂಕು ಇನ್ನೂ ಮಂಚದ ಕೆಳಗಿದೆ. ಅದರ ಮೇಲೆ ಈಗ ಒಂದು ಕಬ್ಬಿಣದ ಕಪಾಟು ಬಂದಿದೆ. ನಾಲ್ಕು ಖಾನೆ, ಒಂದು ಲಾಕರು, ಬಾಗಿಲಿಗೆ ಕನ್ನಡಿ. ನಮ್ಮ ಕಡೆ ಇದಕ್ಕೆ ತಿಜೋರಿ ಅಂತಾರೆ. ಒಳಗೆ ಬಂಗಾರವೇನೂ ಇಲ್ಲ. ಬಾಗಿಲು ತೆರೆದರೆ ಬಟ್ಟೆಯ ಗಂಟು ಕಾಲ ಮೇಲೆ ಬೀಳುತ್ತದೆ, ಅಷ್ಟೇ.

ಈ ವರ್ಷ ದಸರೆಯ ಮುಂದೆ ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ನಿರ್ಧರಿಸಿದೆ. ಘಟ್ಟ ಹಾಕುವ ಮುಂಚೆ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದು, ಮನೆ ಸಾರಿಸುವುದು ನಮ್ಮ ಕಡೆಯ ಪದ್ಧತಿ. ಜೊತೆಗೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಜಪಾನಿನ ಮೇರಿ ಕೊಂಡೊ ಎಂಬಾಕೆಯ ಪದ್ಧತಿ. ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದು ಜಗತ್ತೆಲ್ಲ ಹೆಸರಾಯಿತು. ಬಟ್ಟೆಯನ್ನೆಲ್ಲ ಒಂದೇ ಕಡೆ ರಾಶಿ ಹಾಕು, ಒಂದೊಂದನ್ನೇ ಕೈಯಲ್ಲಿ ಹಿಡಿ, ಮನಸ್ಸಿಗೆ ಸಂತೋಷ ಕೊಟ್ಟರೆ ಇಟ್ಟುಕೋ, ಇಲ್ಲದಿದ್ದರೆ ಕಳಿಸು. ಕೇಳಲಿಕ್ಕೆ ಎಷ್ಟು ಸುಲಭ!

ಅವ್ವ ಕೆಲಸಕ್ಕೆ ಹೋಗಿದ್ದಳು. ಅಜ್ಜಿ ಪಕ್ಕದ ಖೋಲಿಯಲ್ಲಿ ಹರಟೆಗೆ ಕೂತಿದ್ದಳು. ಕಪಾಟು, ಟ್ರಂಕು ಎರಡನ್ನೂ ಖಾಲಿ ಮಾಡಿ ಚಾಪೆಯ ಮೇಲೆ ರಾಶಿ ಹಾಕಿದೆ. ಕಾಸ್ಟಿಂಗ್ ಪಾಠದಲ್ಲಿ ಗೋದಾಮಿನ ಮಾಲನ್ನು ಬೇಗ ಓಡುವುದು, ನಿಧಾನ ಓಡುವುದು, ಓಡದೇ ಇರುವುದು ಎಂದು ಮೂರು ಪಾಲು ಮಾಡಲು ಕಲಿಸುತ್ತಾರೆ. ಹಾಗೇ ಮಾಡಿದೆ. ಟ್ರಂಕಿನ ತಳದಲ್ಲಿ ಹನ್ನೊಂದು ಹಳೆಯ ನೂಲಿನ ಸೀರೆ ಸಿಕ್ಕವು. ಬಣ್ಣ ಹೋದವು, ಸೆರಗು ಹರಿದವು, ವರ್ಷಗಟ್ಟಲೆ ಯಾರೂ ಉಡದವು. ಡೆಡ್ ಸ್ಟಾಕ್! ಅಷ್ಟರಲ್ಲಿ ಓಣಿಯಲ್ಲಿ ಬೋಹಾರಿಣಿಯ ಕೂಗು ಕೇಳಿಸಿತು. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವವಳು. ಅವಳು ಒಂದೊಂದು ಸೀರೆಯನ್ನೂ ಬೆಳಕಿಗೆ ಹಿಡಿದು ನೋಡಿದಳು, ತಲೆ ಅಲ್ಲಾಡಿಸಿದಳು, ಇನ್ನೆರಡು ಪ್ಯಾಂಟು ಸೇರಿಸು ಅಂದಳು. ಕೊನೆಗೆ ಮುಚ್ಚಳದ ಒಂದು ಸ್ಟೀಲ್ ಡಬ್ಬಿ ಕೊಟ್ಟು ಹೋದಳು. ವ್ಯಾಪಾರ ಗೆದ್ದೆನೆಂದು ಬೀಗಿದೆ.

ಸಂಜೆ ಅವ್ವ ಬಂದಳು. ಖಾಲಿ ಟ್ರಂಕು ನೋಡಿದಳು, ಡಬ್ಬಿ ನೋಡಿದಳು. "ಡಬ್ಬಿ ಚಲೋ ಐತಿ" ಅಂದು ಒಲೆಯ ಕಡೆ ತಿರುಗಿದಳು. ರಾತ್ರಿ ಊಟ ಬಡಿಸುವಾಗ ಮಾತ್ರ, "ಒಂದ್ ಮಾತ ಕೇಳಬೇಕಿತ್ತಪಾ" ಅಂದಳು.

ಆ ಸೀರೆಗಳು ಕೌದಿಗೆ ಇಟ್ಟವು. ಊರಲ್ಲಿ ದೊಡ್ಡಪ್ಪನ ಮಗಳು ಬಸುರಿ. ಎಷ್ಟೋ ಸಲ ಒಗೆದು ಮೆತ್ತಗಾದ ನೂಲಿನ ಸೀರೆಯ ಕೌದಿಯೇ ಕೂಸಿಗೆ ಹಿತ ಅಂತ ಅಜ್ಜಿ, ಅವ್ವ ಇಬ್ಬರೂ ಕೂಡಿಸುತ್ತ ಬಂದಿದ್ದರು. ಅದರಲ್ಲಿ ಮೂರು ಅಜ್ಜಿಯ ಪ್ರಾಯದ ಕಾಲದವು.

ಅಕೌಂಟೆನ್ಸಿಯಲ್ಲಿ ಸರಕಿನ ಬೆಲೆ ಕಟ್ಟುವ ನಿಯಮ ನಮಗೆಲ್ಲ ಬಾಯಿಪಾಠ: ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಹೇಳುವುದು ಇದನ್ನೇ. ಆದರೆ ಅದರಲ್ಲೇ ಇನ್ನೊಂದು ಮಾತಿದೆ. ತಯಾರಿಕೆಗೆಂದು ಇಟ್ಟ ಕಚ್ಚಾ ಮಾಲಿನಿಂದ ಆಗುವ ಪದಾರ್ಥ ತನ್ನ ಖರ್ಚನ್ನು ಹುಟ್ಟಿಸುವಂತಿದ್ದರೆ ಆ ಕಚ್ಚಾ ಮಾಲಿನ ಬೆಲೆ ಇಳಿಸಬಾರದು. ನಾನು ಡೆಡ್ ಸ್ಟಾಕ್ ಎಂದು ಬರೆದದ್ದು ಅವ್ವನ ಲೆಕ್ಕದಲ್ಲಿ ಕಚ್ಚಾ ಮಾಲಾಗಿತ್ತು. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಮಾರ್ಕು ತಗೊಂಡವನು ಮನೆಯಲ್ಲಿ ನಪಾಸಾದೆ. ಬೋಹಾರಿಣಿಯದು ಏನೂ ತಪ್ಪಿಲ್ಲ. ಅವಳು ತನ್ನ ಹೊಟ್ಟೆಪಾಡು ನೋಡಿದಳು. ಕೇಳದೆ ಕೊಟ್ಟವನು ನಾನು.

ಮರುದಿನ ನಾಚಿಕೆಯಿಂದ, ಉಳಿದ ರಾಶಿಯನ್ನು ಈ ಸಲ ಯಾರದು ಯಾವುದು ಎಂದು ಕೇಳಿ ಕೇಳಿ ಎಣಿಸಿದೆ. ಅಪ್ಪನವು 19. ನನ್ನವು 31. ತಂಗಿಯವು 27. ಅಜ್ಜಿಯವು 6. ಅವ್ವನವು 8. ಯಾರವೂ ಅಲ್ಲದವು 63! ಅವ್ವನ ಎಂಟೂ ಕಪಾಟಿನಲ್ಲಿ ಇರಲೂ ಇಲ್ಲ. ಏಳು ಸೀರೆ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಚೀಲದಲ್ಲಿದ್ದವು. ಮದುವೆಯ ಇಳಕಲ್ ಸೀರೆ ಲಾಕರಿನಲ್ಲಿ ಅಪ್ಪನ ಕಾಗದಪತ್ರಗಳ ಅಡಿಯಲ್ಲಿ ಒತ್ತಿಹೋಗಿತ್ತು. ನಾಲ್ಕು ಖಾನೆಯ ಕಪಾಟಿನಲ್ಲಿ ಅವಳಿಗೆ ಒಂದು ಗೇಣು ಜಾಗವಿಲ್ಲ ಎಂಬುದು ಇಪ್ಪತ್ತು ವರ್ಷದ ನನಗೆ ಅಂದೇ ಗೊತ್ತಾದದ್ದು.

ಹಾಗಾದರೆ ಆ 63 ಯಾರವು? ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅವ್ವನನ್ನೇ ಕೇಳಿದೆ. "ದುಡದು ತಿನ್ನಾಕತ್ತೀವಿ, ಬರಿ" ಅಂದಳು. ಅವ್ವ ರೇಲ್ವೆ ಹಳಿಯ ಆಚೆಯ ದೊಡ್ಡ ಕಟ್ಟಡದಲ್ಲಿ ಮೂರು ಮನೆಗಳ ಕೆಲಸ ಮಾಡುತ್ತಾಳೆ. ದಸರೆ, ದೀಪಾವಳಿ ಬಂದರೆ ಅಲ್ಲಿಯೂ ಕಪಾಟು ಖಾಲಿ ಮಾಡುತ್ತಾರೆ. ಖಾಲಿಯಾದದ್ದು ಚೀಲ ತುಂಬಿ ಅವ್ವನ ಕೈಗೆ ಬರುತ್ತದೆ. ಜಿಪ್ಪು ಕೆಟ್ಟ ಜೀನ್ಸು, ಹರಳು ಉದುರಿದ ಪಾರ್ಟಿ ಗೌನು, ಈ ಊರಿನ ಸೆಕೆಗೆ ಯಾವ ಕಾಲಕ್ಕೂ ಬೇಡದ ಕೋಟು. ಬೇಡ ಅನ್ನಲು ಅವಳಿಗೆ ಧೈರ್ಯವಿಲ್ಲ. ಬೇಡ ಅಂದರೆ ಸೊಕ್ಕು ಅನ್ನುತ್ತಾರೆ, ದೀಪಾವಳಿಯ ಇನಾಮಿನ ಮೇಲೂ ಅದರ ನೆರಳು ಬೀಳಬಹುದು. ಹೊತ್ತು ತರುತ್ತಾಳೆ. ತಂದದ್ದಕ್ಕೆ ಜಾಗ ಬೇಕಲ್ಲ? ತನ್ನ ಸೀರೆ ಮೊಳೆಗೆ ಹಾಕುತ್ತಾಳೆ. ಎಲ್ಲವೂ ಕೆಟ್ಟವಲ್ಲ, ಸುಳ್ಳು ಹೇಳಬಾರದು. ನಾನು ಕಾಲೇಜಿಗೆ ಹಾಕಿಕೊಂಡು ಬರುವ ನೀಲಿ ಶರ್ಟು ಅಲ್ಲಿಂದಲೇ ಬಂದದ್ದು. ಆದರೆ ಅಂಥವು ಹತ್ತರಲ್ಲಿ ಒಂದು.

ಇಲ್ಲಿಗೆ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. 1494ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಾಚೋಲಿ ಎಂಬ ಪಾದ್ರಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ವರ್ತಕರ ಲೆಕ್ಕದ ಪದ್ಧತಿಯನ್ನು ವಿವರಿಸಿದ. ನಾವು ಇಂದಿಗೂ ಓದುವುದು ಅದನ್ನೇ: ಪ್ರತಿಯೊಂದನ್ನೂ ಎರಡು ಕಡೆ ಬರೆಯಬೇಕು. ಬಂದದ್ದಕ್ಕೆ ಡೆಬಿಟ್, ಹೋದದ್ದಕ್ಕೆ ಕ್ರೆಡಿಟ್. ಕಪಾಟು ಚೊಕ್ಕ ಮಾಡಲು ಕಲಿಸುವವರು ಒಂದೇ ಕಡೆ ಬರೆಯುತ್ತಾರೆ. "ಹೋಯಿತು, ಹಗುರವಾಯಿತು." ಎಲ್ಲಿಗೆ ಹೋಯಿತು? ಯಾರ ಖಾತೆಗೆ ಬಿತ್ತು? ಅದನ್ನು ಯಾರೂ ಬರೆಯುವುದಿಲ್ಲ. ಅವರ ಸಂತೋಷ ಮುಗಿದಲ್ಲಿಂದ ನಮ್ಮ ಇಕ್ಕಟ್ಟು ಶುರು.

2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಹಳೇ ಬಟ್ಟೆ ಹೋಗಿ, ಬೇಕಾದವರಿಲ್ಲದೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಏನು ಬೇಕು ಎಂದು ಕೇಳಿದವರು ಕಡಿಮೆ. ದಿಲ್ಲಿಯಲ್ಲಿ 1999ರಲ್ಲಿ ಅಂಶು ಗುಪ್ತಾ ಕಟ್ಟಿದ 'ಗೂಂಜ್' ಸಂಸ್ಥೆ ಈ ಕೆಲಸವನ್ನೇ ಬೇರೆ ರೀತಿ ಮಾಡುತ್ತದೆ. ಬಟ್ಟೆಯನ್ನು ವಿಂಗಡಿಸಿ, ಹಳ್ಳಿಯವರು ತಾವೇ ಆರಿಸಿದ ಬಾವಿ, ರಸ್ತೆಯಂಥ ಕೆಲಸಕ್ಕೆ ಪ್ರತಿಫಲವಾಗಿ ಕೊಡುತ್ತದೆ, ಭಿಕ್ಷೆಯಾಗಿ ಅಲ್ಲ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೊಡುವುದಕ್ಕೂ ಕೇಳಿ ಕೊಡುವುದಕ್ಕೂ ಎಷ್ಟು ಅಂತರ ನೋಡಿ.

ಹಾಗಂತ ಎಲ್ಲವನ್ನೂ ತುಂಬಿಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಒತ್ತಿ ತುರುಕಿದ ಬಟ್ಟೆಗೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಉಳಿಸಿದೆವು ಅಂದುಕೊಂಡದ್ದು ಕೊಳೆಯುತ್ತದೆ. ಇಳಕಲ್ ಸೀರೆಯ ರೇಷ್ಮೆ ಸೆರಗು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಮಡಿಕೆಯಲ್ಲೇ ಸೀಳುತ್ತದೆ. ಆಗಾಗ ತೆಗೆದು ಮಡಿಕೆ ಬದಲಿಸಬೇಕು. ಅವ್ವನದು ಆಗಲೇ ಒಂದು ಕಡೆ ಸೀಳಿತ್ತು.

ಆದ್ದರಿಂದ ನಾವು ಮಾಡಿದ್ದು ಇಷ್ಟು. ಮೊದಲು ಬಟ್ಟೆ ಬಿಸಾಡಲಿಲ್ಲ, ಖಾನೆ ಹಂಚಿದೆವು. ಎಲ್ಲಕ್ಕೂ ಮೇಲಿನದು ಅಪ್ಪನದು. ಕೈಗೆ ಸರಿಯಾಗಿ ಎಟಕುವ ಎರಡನೆಯದು ಅವ್ವನದು. "ನನಗ್ಯಾಕೋ ಅಷ್ಟ ದೊಡ್ಡದು?" ಅಂದಳು, ಆದರೂ ಏಳು ಸೀರೆ ಚೀಲದಿಂದ ತಾನೇ ತೆಗೆದಿಟ್ಟಳು. ಇಳಕಲ್ ಸೀರೆಯನ್ನು ಹಳೇ ನೂಲಿನ ಬಟ್ಟೆಯಲ್ಲಿ ಸುತ್ತಿ ಅವುಗಳ ಮೇಲೆ ಇಟ್ಟಳು. ಮೂರನೆಯದು ಅಜ್ಜಿ, ತಂಗಿಗೆ. ಬಗ್ಗಲು ಸೊಂಟವಿರುವ ನನಗೆ ಕೆಳಗಿನದು. ನನ್ನ 31 ಈಗ 18. ಯಾರದ್ದನ್ನು ತೆಗೆಯಬೇಕಾದರೂ ಅವರನ್ನೇ ಕೇಳಬೇಕು, ಇದು ಮನೆಯ ಕಾನೂನು. ಆ 63ರಲ್ಲಿ ಮೈಗೆ ಹೊಂದುವ ಒಂಬತ್ತು ಇಟ್ಟುಕೊಂಡೆವು, ಚಾಳಿನಲ್ಲಿ ಕೇಳಿ ಕೇಳಿ ಬೇಕಾದವರಿಗೆ ಕೊಟ್ಟೆವು. ನೂಲಿನವನ್ನು ಅಜ್ಜಿ ಕೌದಿಗೆ ಕತ್ತರಿಸಿದಳು. ಜೀನ್ಸಿನಿಂದ ತಂಗಿ ಎರಡು ಚೀಲ ಹೊಲಿದಳು. ಕೋಟು ಇನ್ನೂ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ನಾನು ಮೊದಲು ಕೇಳಿಯೇ ಕೊಡುತ್ತೇನೆ!

ದೀಪಾವಳಿಗೆ ಮೂರು ಮನೆಯಿಂದಲೂ ಮತ್ತೆ ಚೀಲ ಬಂದವು. ಒಂದು ಮನೆಯಲ್ಲಿ ಅವ್ವ ಅಲ್ಲೇ ನೆಲದ ಮೇಲೆ ಕೂತು, ಚೀಲ ಬಿಚ್ಚಿ, ಎರಡು ಕುರ್ತಾ ಆರಿಸಿ, "ಭಾಭೀ, ನಮಗೆ ಇಷ್ಟು ಸಾಕು" ಎಂದು ಉಳಿದದ್ದನ್ನು ತಿರುಗಿ ಕೊಟ್ಟಳಂತೆ. ಆಕೆ ಒಂದು ಗಳಿಗೆ ಸುಮ್ಮನಿದ್ದು, ಚೀಲ ತೆಗೆದುಕೊಂಡು ಒಳಗೆ ಹೋದರಂತೆ. ಉಳಿದ ಎರಡು ಮನೆಯಲ್ಲಿ ಅವ್ವ ಏನೂ ಹೇಳಲಿಲ್ಲ, ಚೀಲ ಹೊತ್ತು ತಂದಳು. ಹೇಳು ಎಂದು ನಾನು ಒತ್ತಾಯಿಸುವುದಿಲ್ಲ. ಪಗಾರ ಅವಳದು, ಅಂಜಿಕೆಯೂ ಅವಳದು.

ಗೆಳೆಯರೇ, ರಜೆಯಲ್ಲಿ ಕಪಾಟು ಹಸನು ಮಾಡುವವರಿದ್ದರೆ ಮಾಡಿ. ಅದಕ್ಕೂ ಮುಂಚೆ ಒಂದು ಕಾಗದದಲ್ಲಿ ಎರಡು ಸಾಲು ಬರೆಯಿರಿ: ಈ ಕಪಾಟಿನಲ್ಲಿ ಯಾರಿಗೆ ಜಾಗವಿಲ್ಲ? ಇಲ್ಲಿಂದ ಹೋದದ್ದು ಯಾರ ಮನೆ ಸೇರುತ್ತದೆ? ಎರಡೂ ಕಡೆ ತಾಳೆಯಾದ ಮೇಲೆ ಬಾಗಿಲು ಹಾಕಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಸಂಪಾದಕರಿಗೆ ಕವಿತೆಯಲ್ಲದ್ದು ಬೇಕಾಗಿದೆ.