ನಂಬಿಕೆ ಹುಟ್ಟೋ ಜಾಗ ಠಾಣೆ

2025ರ ಜುಲೈನಲ್ಲಿ ಕರ್ನಾಟಕ ಪೊಲೀಸರು ‘ಮನೆ ಮನೆಗೆ ಪೊಲೀಸ್’ ಅಂತ ಹೊರಟರು. ಬಾಗಿಲಿಗೇ ಬಂದು ಕಷ್ಟಸುಖ ಕೇಳ್ತಾರಂತೆ. ಬರಲಿ, ನಮ್ಮ ಕೇರಿಗೂ ಬರಲಿ. ಖಾಕಿ ಕಂಡರೆ ಮಕ್ಕಳು ಒಳಗೆ ಓಡುವುದು ನಿಲ್ಲಬೇಕು ಅನ್ನೋದು ನಮ್ಮ ಆಸೆಯೂ ಹೌದು.

ಆದರೆ ನಂಬಿಕೆ ಹುಟ್ಟೋ ಜಾಗ ಠಾಣೆ. ಏಟು ತಿಂದವನು ರಾತ್ರಿ ಅಲ್ಲಿಗೆ ಹೋದಾಗ ‘ಊರಿನೋರ ಜೊತೆ ರಾಜಿ ಮಾಡ್ಕೊ ಹೋಗು’ ಅಂದರೆ, ಬೆಳಿಗ್ಗೆ ನಮ್ಮ ಜಗುಲಿ ಮೇಲೆ ಕೂತು ಕುಡಿದ ಟೀಗೆ ಏನು ಬೆಲೆ?

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಕೋರ್ಟಿನಲ್ಲಿ ಮಾತು ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ‘ಜನ ಯಾಕೆ ಮುಂದೆ ಬರಲ್ಲ?’ ಅಂತ ಕೇಳುವ ಅಧಿಕಾರಿ ಈ ಊರನ್ನು ನೆನೆಯಲಿ.

1989ರ ದೌರ್ಜನ್ಯ ತಡೆ ಕಾಯ್ದೆಯ ನಾಲ್ಕನೇ ಕಲಮಿಗೆ 2015ರಲ್ಲಿ ತಿದ್ದುಪಡಿ ಆಯಿತು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಬೇಕು. ಎಫ್.ಐ.ಆರ್. ಮಾಡಬೇಕು. ಪ್ರತಿಯನ್ನು ತಕ್ಷಣ ಕೊಡಬೇಕು. ಬೇಕೆಂದೇ ತಪ್ಪಿಸಿದ, ಪರಿಶಿಷ್ಟ ಜಾತಿ ಪಂಗಡಕ್ಕೆ ಸೇರದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು.

ಹಾಸ್ಟೆಲಿನ ಗೆಳೆಯರೇ, ಇದನ್ನು ಬರೆದಿಟ್ಟುಕೊಳ್ಳಿ. ರಜಕ್ಕೆ ಊರಿಗೆ ಹೋದಾಗ ಕೇರಿಯವರಿಗೆ ಓದಿ ಹೇಳಿ. ಅಕ್ಷರ ಬಾರದ ಅಪ್ಪ ಅವ್ವಂದಿರ ಜೊತೆ ಠಾಣೆಗೆ ನೀವೂ ಹೋಗಿ. ಪ್ರತಿ ಕೈಗೆ ಬರೋತನಕ ಎದ್ದು ಬರಬೇಡಿ.

ಬೀಟ್ ಪೊಲೀಸರು ಮನೆಗೆ ಬಂದರೆ ಕೂರಿಸಿ, ನೀರು ಕೊಡಿ, ಒಂದೇ ಪ್ರಶ್ನೆ ಕೇಳಿ: ‘ಹೋದ ವರ್ಷ ನಮ್ಮ ಕೇರಿಯವರು ಕೊಟ್ಟ ದೂರು ಎಷ್ಟು, ನೀವು ಬರಕೊಂಡದ್ದು ಎಷ್ಟು?’